ನೆರಳಿಗೆ ತಂದ ಪಟ್ಟಿಗಳು

ಶಾಲಿವಾಹನ ಶಕೆ ೨೨೨೭, ಮರು ವೈಶಾಖದ ನಲವತ್ತೊಂದನೆಯ ದಿನ
ಕಪ್ಪತಗುಡ್ಡದ ನೆತ್ತಿಯಿಂದ

ಮೂಲಜ್ಜಿಯವರಿಗೆ, ಸರಪಳಿಮನೆಯ ಫಕೀರವ್ವ ಡಂಬಳ ಮಾಡುವ ಶರಣು.

ತಾರೀಖು ನೋಡಿ ಹುಬ್ಬು ಗಂಟಿಕ್ಕಬೇಡಿ. ನಿಮ್ಮ ಪಂಚಾಂಗದಲ್ಲಿ ವೈಶಾಖ ಒಂದೇ ಇತ್ತು, ಅದಕ್ಕೆ ಮೂವತ್ತರ ಆಚೆ ದಿನಗಳೂ ಇರಲಿಲ್ಲ ಎಂದು ಬಲ್ಲೆ. ನಮ್ಮಲ್ಲಿ ಬೇಸಿಗೆ ಬೆಳೆಯುತ್ತ ಹೋಯಿತು. ಜ್ಯೇಷ್ಠ ಬಂದರೂ ಮೋಡದ ಸುಳಿವಿಲ್ಲದ್ದು ನೋಡಿ ಪಂಚಾಂಗದವರು ನಾಚಿ ಇನ್ನೊಂದು ವೈಶಾಖವನ್ನು ಸೇರಿಸಿದರು. ಮೊದಲ ಮಳೆ ಬೀಳುವ ತನಕ ಅದರ ದಿನಗಳನ್ನು ಎಣಿಸುತ್ತ ಹೋಗುವುದೇ ವಾಡಿಕೆ. ಮಳೆ ಬಂದ ದಿನ ಮರು ವೈಶಾಖ ಮುಗಿಯುತ್ತದೆ. ಬಂದರೆ ನಾಲ್ಕೈದು ದಿನಗಳಲ್ಲಿ ವರ್ಷದ ಮಳೆಯೆಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಆ ದಿನವನ್ನು ಊರೆಲ್ಲ ಕೈಮುಗಿದು ಕರೆಯುತ್ತಿದೆ. ನಾನೊಬ್ಬಳು ಮಾತ್ರ ಬೇಡ, ಇನ್ನೂ ಬೇಡ ಎಂದು ಕೂತಿದ್ದೇನೆ. ಯಾಕೆಂದು ಹೇಳುವುದಕ್ಕೇ ಈ ಕಾಗದ.

ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಹಳೆಯ ಪ್ರಬಂಧಗಳಿಂದ ಕಲಿತವಳು. ಪಾಲಿಮರ್ ಎಂಬ ಪದ ನಮ್ಮ ಬಾಯಿಂದ ಬಿದ್ದುಹೋಗಿ ಕಾಲವಾಯಿತು, ಸರಪಳಿ ಎನ್ನುತ್ತೇವೆ. ಅಣುವಿನ ಕೈಹಿಡಿದು ಅಣು ನಿಲ್ಲುವುದಕ್ಕೆ ಅದಕ್ಕಿಂತ ಒಳ್ಳೆಯ ಹೆಸರೂ ಇಲ್ಲ. ಆ ವಿದ್ಯೆಯ ಮಠವೋ ಶಾಲೆಯೋ ಆಗಿರುವ ನಮ್ಮ ಕಟ್ಟಡಕ್ಕೆ ಸರಪಳಿಮನೆ ಎಂದು ಹೆಸರು. ನಿಮ್ಮ ಹೆಸರು, ನೀವು ಯಾವ ವಿಶ್ವವಿದ್ಯಾಲಯದಲ್ಲಿ ಓದಿದಿರಿ ಎಂಬುದು ನಮ್ಮಲ್ಲಿ ಉಳಿಯಲಿಲ್ಲ. ನಮ್ಮ ವಿದ್ಯೆಯ ವಂಶ ನಿಮ್ಮಿಂದ ಶುರುವಾದದ್ದರಿಂದ ಮೂಲಜ್ಜಿ ಎನ್ನುತ್ತೇವೆ. ಈ ಕಾಗದ ಮುಟ್ಟುವ ಹೊತ್ತಿಗೆ ನೀವು ಇಪ್ಪತ್ತಾರರ ಹುಡುಗಿ, ಗೈಡ್ ಮನೆಯ ಮದುವೆಗೆ ಪತ್ರಿಕೆ ಹಂಚುತ್ತ, ಬಾರದ ಫೆಲೋಶಿಪ್ಪಿಗೆ ಕಾಯುತ್ತ, ಫ್ಲಾಸ್ಕಿನ ತಳಕ್ಕೆ ಅಂಟಿಕೊಂಡ ಗಟ್ಟಿ ಗೋಂದನ್ನು ಕೆರೆಯುತ್ತ ಕೂತಿರುತ್ತೀರಿ, ಹಾಗೆಂದು ನಮ್ಮಲ್ಲಿ ಕಥೆ. ನಾನು ಅರವತ್ತೆರಡರ ಮುದುಕಿ. ನಿಮ್ಮನ್ನು ಅಜ್ಜಿ ಎಂದು ಕರೆದರೆ ಕೋಪ ಮಾಡಿಕೊಳ್ಳಬೇಡಿ, ತಾಯೀ.

ಇಂಥ ಕಾಗದ ಬರೆಯುವುದು ನಮ್ಮಲ್ಲಿ ಹಳೆಯ ಪದ್ಧತಿ. ತಲೆಮಾರಿಗೊಮ್ಮೆ ಒಬ್ಬರು, ತಮ್ಮ ಕೆಲಸ ಮುಗಿಸಿದ ಮೇಲೆ, ಮೂಲಜ್ಜಿಗೆ ಒಪ್ಪಿಸುವ ಕಾಗದವನ್ನು ಬರೆದು, ಹಿಂದಿನ ಕಾಲಕ್ಕೆ ಒಯ್ಯಲಿ ಎಂದು ಗುಡ್ಡದ ಮೇಲೆ ಗಾಳಿಗೆ ಬಿಡುತ್ತಾರೆ. ಈ ತನಕ ಹೋದವೆಲ್ಲ ಹೊಗಳಿಕೆಯ ಕಾಗದಗಳು, ಒಂದೂ ಮುಟ್ಟದಿದ್ದರೂ ನಷ್ಟವಿರಲಿಲ್ಲ. ಇದು ಮುಟ್ಟಲೇಬೇಕು.

ಮೊದಲು ಹಾಸುಕೆರೆಯ ವಿಷಯ ಹೇಳುತ್ತೇನೆ. ಗುಡ್ಡದ ಮಗ್ಗುಲಿಗೆ ದೊಡ್ಡ ಮಣ್ಣಿನ ಒಡ್ಡು ಕಟ್ಟಿ, ಒಳಮೈಗೆಲ್ಲ ನೀವು ಕಂಡುಹಿಡಿಯಲಿರುವ ಸರಪಳಿಯ ಹಾಸನ್ನು ಹೊದಿಸಿ, ಅದರ ಮೇಲೆ ಜೇಡಿ ಬಳಿದು ಚಪ್ಪಡಿ ಮುಚ್ಚಿದ್ದಾರೆ. ನೀರು ಇಳಿದಾಗ ಚಪ್ಪಡಿ ಕಾದು ಅಡಿಯ ಹಾಸೂ ಕಾಯುತ್ತದೆ. ಮಳೆಯ ನಾಲ್ಕು ದಿನದ ನೀರು ಇಡೀ ವರ್ಷ ನಿಲ್ಲಬೇಕೆಂದರೆ ಒಂದು ಹನಿಯೂ ಮಣ್ಣಿಗೆ ಇಳಿಯಬಾರದು. ಒಡ್ಡಿನ ಕೆಳಗೆ ಹಾಸೂರು, ಎರಡು ಸಾವಿರ ಒಲೆ ಉರಿಯುವ ಊರು. ಅಲ್ಲಿ ನಸುಕಿಗೆ ಎದ್ದು ಪಾಲುನೀರು ತರಬೇಕು, ಅಂದರೆ ತಲೆಗಿಷ್ಟೆಂದು ಅಳೆದು ಕೊಡುವ ನೀರು. ಬಿಸಿಲು ಏರುವ ಮುಂಚೆ ಹೊಲದ ಕೆಲಸ ಮುಗಿಸಿ ಬಾಗಿಲುಹೊತ್ತಿಗೆ ಒಳಗಾಗಬೇಕು. ಬಾಗಿಲುಹೊತ್ತು ಎಂದರೆ ಹೊತ್ತೇರಿದಾಗಿನಿಂದ ಸಂಜೆಯ ತನಕ ಯಾರೂ ಹೊರಗೆ ಕಾಲಿಡದ ಸಮಯ. ಆಗ ಹೆಂಗಸರು ನವಣೆ ಕುಟ್ಟುತ್ತಾರೆ, ಗಂಡಸರು ನೂಲುತ್ತಾರೆ, ಮಕ್ಕಳು ಹೊಸ್ತಿಲ ಮೇಲೆ ಕೂತು ಹೊರಗಿನ ಬೆಳಕನ್ನು ನೋಡುತ್ತ ಬೈಸಿಕೊಳ್ಳುತ್ತವೆ. ಆ ಊರಿನಲ್ಲಿ ನನ್ನ ತಂಗಿ ಈರವ್ವನ ಮನೆ ಇದೆ. ನನಗೆ ಗಂಡನಿಲ್ಲ, ಮಕ್ಕಳಿಲ್ಲ. ಅವಳು, ಅವಳ ಮಗ, ಸೊಸೆ, ಎರಡು ಮೊಮ್ಮಕ್ಕಳು, ಇಷ್ಟೇ ನನ್ನ ಜನ. ಹಾಸು ಹರಿದರೆ ನೀರು ಮಣ್ಣಿಗೆ ಇಳಿಯುತ್ತದೆ, ಮಣ್ಣು ಕರಗುತ್ತದೆ, ಒಡ್ಡು ಹೋಗುತ್ತದೆ. ಹೊಸ ಹಾಸು ಮಾಡುವ ಎಣ್ಣೆ ಭೂಮಿಯಲ್ಲಿ ಉಳಿದಿಲ್ಲ. ನೀವು ಅದನ್ನೆಲ್ಲ ಗಾಡಿಗೆ ಹಾಕಿ ಸುಟ್ಟಿರಿ, ಅದರ ಮಾತು ಈಗ ಬೇಡ.

ನೀವು ಆ ಹಾಸಿನ ಆಯುಷ್ಯವನ್ನು ಹೇಗೆ ಹೇಳಿದಿರಿ ಎಂಬುದು ನಮ್ಮ ಮೊದಲ ಪಾಠ. ಒಲೆಯಲ್ಲಿ ತಿಂಗಳುಗಟ್ಟಲೆ ಕಾಯಿಸಿ, ಬೇಗ ಬೇಗ ಮುದಿ ಮಾಡಿ, ಅದರಿಂದ ಗೆರೆ ಎಳೆದು ಮುನ್ನೂರು ವರ್ಷ ಎಂದಿರಿ. ಆದರೆ ನೀವು ಪ್ರಾಮಾಣಿಕರು. ಒಲೆಯ ಮಾತನ್ನು ಪೂರ್ತಿ ನಂಬಬೇಡಿ ಎಂದು ನೀವೇ ಹೇಳಿ, ನಿವೃತ್ತಿಯ ಕಾಲಕ್ಕೆ ಅದೇ ಹಾಸಿನಿಂದ ಪಟ್ಟಿಗಳನ್ನು ಕತ್ತರಿಸಿ ಇಟ್ಟಿರಿ. ಡಮರುವಿನ ಹಾಗೆ ನಡು ಸಣ್ಣ, ತುದಿ ಅಗಲ. ನಲವತ್ತು ವರ್ಷಕ್ಕೊಮ್ಮೆ ಒಂದನ್ನು ಎಳೆದು ನೋಡಿ, ಎಷ್ಟು ಭಾರಕ್ಕೆ ಹರಿಯುತ್ತದೋ ಅದೇ ಸತ್ಯ ಎಂದಿರಿ.

ಆ ಒಂದು ಮಾತಿನ ಮೇಲೆ ನಮ್ಮ ಬದುಕೆಲ್ಲ ನಿಂತಿದೆ. ಸರಪಳಿಮನೆಗೆ ಬಂದವರು ಮೊದಲು ಒರೆಸುವವರಾಗುತ್ತಾರೆ. ಪಟ್ಟಿಯ ಪೆಟ್ಟಿಗೆಗಳನ್ನು ಮೆತ್ತನೆಯ ಅರಿವೆಯಿಂದ ಒರೆಸುವುದೇ ಹತ್ತು ವರ್ಷದ ಕೆಲಸ. ಆಮೇಲೆ ಕಾಯುವವರು, ಅವರು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿನ ಎಳೆತಗಳ ಮೇಲೆ ಭಾಷ್ಯ ಬರೆಯುತ್ತಾರೆ. ಎಳೆಯುವವರು ತಲೆಮಾರಿಗೊಬ್ಬರೇ. ಜೀವಮಾನದ ವಿದ್ಯೆಯೆಲ್ಲ ಒಂದು ಮುಂಜಾನೆ, ಒಂದು ಪಟ್ಟಿ, ಒಂದು ಸಂಖ್ಯೆ. ಆ ಪಟ್ಟಿಗಾಗಿ ಜಗಳವಾಡಿದವರಿದ್ದಾರೆ, ಮಾತು ಬಿಟ್ಟವರಿದ್ದಾರೆ, ಪಾಳಿ ತಪ್ಪಿತೆಂದು ಹಾಸಿಗೆ ಹಿಡಿದವರಿದ್ದಾರೆ. ನಿಮ್ಮ ಕಾಲದಲ್ಲಿ ಪ್ರಬಂಧದ ಮೇಲೆ ಯಾರ ಹೆಸರು ಮೊದಲು ಎಂದು ಕಚ್ಚಾಡುತ್ತಿದ್ದರಂತೆ. ನೀವು ಪುಣ್ಯವಂತರು, ಕಚ್ಚಾಡಲು ಪ್ರಬಂಧಗಳಾದರೂ ಬೇಕಾದಷ್ಟಿದ್ದವು.

ಮೊದಲ ಎಳೆತಕ್ಕಿಂತ ಎರಡನೆಯದರಲ್ಲಿ ಪಟ್ಟಿಯ ಬಲ ಕುಗ್ಗಿತ್ತು, ನಿಮ್ಮ ಗೆರೆಗಿಂತ ಹೆಚ್ಚೇ ಕುಗ್ಗಿತ್ತು. ಆಗಿನವರು ಹೆದರಿದರಂತೆ. ಮೂರನೆಯದಕ್ಕೆ ಬಂದಾಗ ಕುಗ್ಗುವುದು ನಿಂತೇಹೋಗಿತ್ತು. ನಾಲ್ಕು, ಐದು, ಅಷ್ಟೇ ಬಲ. ಇದಕ್ಕೆ ನಿಂತಗೆರೆ ಎಂದು ಹೆಸರಾಯಿತು. ಸರಪಳಿಗಳು ಒಂದು ವಯಸ್ಸಿನ ನಂತರ ತಮ್ಮನ್ನು ತಾವೇ ಬಿಗಿದುಕೊಂಡು ಮುಪ್ಪನ್ನು ತಡೆಯುತ್ತವೆ ಎಂಬ ಸಿದ್ಧಾಂತ ಹುಟ್ಟಿತು. ಅದರ ಮೇಲೆ ಬಂದ ಪದವಿಗಳಿಗೆ ಲೆಕ್ಕವಿಲ್ಲ. ನನ್ನದೂ ಒಂದು. ಬಿಗಿದುಕೊಳ್ಳುವ ಗಂಟುಗಳು ಎಲ್ಲಿರಬಹುದು ಎಂದು ನಾನು ಚಿತ್ರ ಬರೆದು ತೋರಿಸಿದ್ದೆ. ಚೆಂದದ ಚಿತ್ರ ಎಂದು ಈಗಲೂ ಮಕ್ಕಳಿಗೆ ಕಲಿಸುತ್ತಾರೆ.

ಆರನೆಯ ಎಳೆತ ನನ್ನದು, ಈ ವರ್ಷದ ಮೊದಲ ವೈಶಾಖದಲ್ಲಿ ನಡೆಯಿತು. ಬೆಳಗಾಗುವ ಮುಂಚೆಯೇ ಹಾಸೂರಿನವರು ಅಂಗಳ ತುಂಬಿದ್ದರು. ಪಟ್ಟಿಗೆ ಕುಂಕುಮ ಹಚ್ಚಿ, ರೇಷ್ಮೆ ಬಿಚ್ಚಿ, ಇಕ್ಕಳಕ್ಕೆ ಕೊಟ್ಟೆ. ಕಲ್ಲು ಒಂದೊಂದಾಗಿ ಏರಿಸಿದರು. ಹಿಂದಿನ ಎಳೆತದ ಕಲ್ಲಿನ ತನಕ ಬಂದಿತು, ದಾಟಿತು, ಆಮೇಲೆ ಹರಿಯಿತು. ಅಂಗಳದಲ್ಲಿ ಎಂಥ ಕೂಗು ಎದ್ದಿತೆಂದು ಹೇಳಲಾರೆ. ನನ್ನ ಕಾಲಿಗೆ ಬಿದ್ದವರೆಷ್ಟು, ಹೆಗಲ ಮೇಲೆ ಎತ್ತಿಕೊಳ್ಳಲು ಬಂದವರೆಷ್ಟು. ನಾನೂ ಅತ್ತೆ. ಸುಳ್ಳೇಕೆ, ಬದುಕು ಸಾರ್ಥಕವಾಯಿತು ಎಂದುಕೊಂಡೆ.

ಆ ದಿನ ತಂಗಿಯ ಮನೆಯಲ್ಲಿ ಹೋಳಿಗೆ. ಊಟಕ್ಕೆ ಮುಂಚೆ ಅವಳು ಒಳಗಿನಿಂದಲೇ ಕೂಗಿದಳು, "ಯಕ್ಕಾ, ದೊಡ್ಡ ಪಂಡಿತಳಾದಿ ಅಂತ ಕುಂತ ತಿನ್ನಂಗಿಲ್ಲ. ಮಾಳಗಿ ಮ್ಯಾಲ ಸಂಡಗಿ ಹಾಕೇನಿ, ಬಾಗಿಲುಹೊತ್ತು ಆಗೂದ್ರಾಗ ತಗೊಂಡ ಬಾ." ಹೋದೆ. ಸಂಡಿಗೆ ಒಣಗಿಸಲು ಅವಳು ಹಾಸಿದ್ದು ಕೆರೆಯ ಹಾಸಿನದೇ ಒಂದು ತುಂಡು. ಕೆರೆ ಕಟ್ಟಿದ ಕಾಲದಲ್ಲಿ ಕತ್ತರಿಸಿ ಉಳಿದ ಚೂರುಗಳನ್ನು ಮನೆಮನೆಗೆ ಹಂಚಿದ್ದರು. ಬಹುಪಾಲು ಹರಿದು ಹಾಳಾಗಿವೆ, ಈರವ್ವನ ಅತ್ತೆಯ ಅತ್ತೆ ಜಿಪುಣಿ, ಅದಕ್ಕೆ ಈ ಮನೆಯಲ್ಲಿ ಉಳಿದಿತ್ತು. ತಲೆಮಾರುಗಳಿಂದ ಮಾಳಿಗೆಯ ಮೇಲೆ ಬಿಸಿಲು, ಮಳೆ ತಿಂದುಕೊಂಡು ಬಿದ್ದಿತ್ತು. ಸಂಡಿಗೆ ಬಳಿದುಕೊಂಡು ಹಾಸನ್ನು ಮಡಚಲು ಹೋದೆ. ಸುಟ್ಟ ಹಪ್ಪಳದ ಹಾಗೆ ನನ್ನ ಕೈಯಲ್ಲಿ ಮುರಿಯಿತು. ಇನ್ನೊಂದು ಕಡೆ ಹಿಡಿದೆ, ಅಲ್ಲೂ ಮುರಿಯಿತು. ಬೆರಳಲ್ಲಿ ತಿಕ್ಕಿದರೆ ಹುಡಿ.

ಈರವ್ವ ನೋಡಿ ನಕ್ಕಳು. "ಬಿಡ, ಅದು ಹಳೇದು. ಮುದುಕಿ ಹಲ್ಲು ಬಿದ್ದೂ ಅಂತ ಯಾರರ ಅಳತಾರೇನು?" ನಾನು ಮುರಿದ ಚೂರೊಂದನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಅದೇ ಹಾಸು, ಅದೇ ವಯಸ್ಸು. ಒಂದು ನನ್ನ ಕೈಯಲ್ಲಿ ಹುಡಿಯಾಯಿತು, ಇನ್ನೊಂದು ಬೆಳಗ್ಗೆ ಕಲ್ಲುಗಟ್ಟಲೆ ಭಾರ ಹೊತ್ತಿತು. ಹಾಗಿದ್ದರೆ ನಮ್ಮ ಪಟ್ಟಿಗೆ ಏನಾಗಿತ್ತು?

ನನ್ನ ಗುರುಗಳು ಅಂದಾನಪ್ಪನವರು, ಐದನೆಯ ಎಳೆತ ಮಾಡಿದವರು, ತೊಂಬತ್ತು ದಾಟಿ ಸರಪಳಿಮನೆಯ ಹಿಂದಿನ ಕೋಣೆಯಲ್ಲಿದ್ದಾರೆ. ಮರುದಿನ ಹೋಗಿ ಅವರ ಕಾಲ ಬಳಿ ಕೂತು, ಪಟ್ಟಿಗಳು ಮೊದಲಿಂದಲೂ ಒಳಕೋಣೆಯಲ್ಲೇ ಇದ್ದವೇ ಎಂದು ಕೇಳಿದೆ. ಅವರಿಗೆ ಬಹಳ ಸಂತೋಷವಾಯಿತು. ಈ ಕಥೆಯನ್ನು ಯಾರೂ ಕೇಳುವುದೇ ಇಲ್ಲವಂತೆ. "ಇಲ್ಲವಾ, ಮೊದಲ ಮ್ಯಾಲ ಇದ್ದೂ, ಮಾಳಗಿ ಮ್ಯಾಲ, ಕಲ್ಲಿನ ಡೋಣ್ಯಾಗ. ಅರ್ಧ ಕೆರಿ ನೀರಾಗ, ಅರ್ಧ ಬಿಸಿಲಾಗ ಇಡಬೇಕಂತ ಮೂಲಜ್ಜಿ ಹೇಳಿದ್ಲಂತ. ಎರಡನೇ ಎಳೆತ ಆದ ಮ್ಯಾಲ ಆಣೆಕಲ್ಲಿನ ಮಳಿ ಬಿತ್ತು, ಮ್ಯಾಲ ಮಂಗ್ಯಾಗೋಳ ಕಾಟ. ನಮ್ಮ ಗುರುಗಳ ಗುರುಗಳು ಭಾಳ ಅಂತಃಕರಣದವರು. ಇವು ಹ್ವಾದ್ರ ನಮಗ ಯಾರದಾರ ಅಂತ ಅತ್ತು, ಮಡಿಲಾಗ ತುಂಬಿಕೊಂಡು ಒಳಗ ತಂದ್ರು. ಅವತ್ತಿಂದ ಗಾಳಿ ಸೋಕಿಸಿಲ್ಲ, ಬಿಸಿಲು ತೋರಿಸಿಲ್ಲ. ಕೂಸಿನ್ಹಾಂಗ ಜ್ವಾಕಿ ಮಾಡೇವಿ." ಹೇಳುತ್ತ ಅವರ ಕಣ್ಣು ತುಂಬಿ ಬಂದವು.

ನನಗೂ ಬಂದವು, ಕಾರಣ ಬೇರೆ. ನಿಂತಗೆರೆ ಅಲ್ಲಿತ್ತು ನೋಡಿ. ಸರಪಳಿ ತನ್ನನ್ನು ಬಿಗಿದುಕೊಳ್ಳಲಿಲ್ಲ, ಗಂಟೂ ಇಲ್ಲ, ಗಿಂಟೂ ಇಲ್ಲ. ಪಟ್ಟಿಗಳನ್ನು ನೆರಳಿಗೆ ತಂದ ದಿನದಿಂದ ಅವುಗಳಿಗೆ ವಯಸ್ಸಾಗುವುದೇ ನಿಂತಿತು. ನಾವು ಎಳೆದದ್ದು ಕೆರೆಯ ಹಾಸನ್ನಲ್ಲ, ನಮ್ಮ ಪ್ರೀತಿಯನ್ನು. ಒಬ್ಬರೂ ಮೋಸ ಮಾಡಲಿಲ್ಲ. ಒಬ್ಬರಾದರೂ ಮೋಸ ಮಾಡಿದ್ದರೆ ಹಿಡಿಯುವುದು ಸುಲಭವಿತ್ತು. ಒಳಗೆ ತಂದವರು ಪುಣ್ಯದ ಕೆಲಸ ಎಂದು ತಂದರು, ಒರೆಸಿದವರು ಭಕ್ತಿಯಿಂದ ಒರೆಸಿದರು, ಬಲ ಕುಗ್ಗದ್ದನ್ನು ಕಂಡವರು ಕಾರಣ ಹುಡುಕಲು ಬುದ್ಧಿಯೆಲ್ಲ ಖರ್ಚು ಮಾಡಿದರು. ಕಾರಣ ಮಾಳಿಗೆಯ ಮೆಟ್ಟಿಲಿನಲ್ಲಿತ್ತು. ಆ ಖಾಲಿ ಡೋಣಿ, ಅಂದರೆ ಕಲ್ಲಿನ ತೊಟ್ಟಿ, ಈಗಲೂ ಮೇಲಿದೆ. ಅದರಲ್ಲಿ ಕಾಯುವವರು ತುಳಸಿ ಬೆಳೆಸಿದ್ದಾರೆ.

ಸಭೆ ಕರೆದೆ. ನನ್ನ ಎಳೆತ ಸುಳ್ಳು, ಹಿಂದಿನ ಮೂರೂ ಸುಳ್ಳು, ಹಾಸೂರನ್ನು ಮಳೆಗೆ ಮುಂಚೆ ಗುಡ್ಡಕ್ಕೆ ಏರಿಸಬೇಕು ಎಂದೆ. ಕೈಯಲ್ಲಿ ಈರವ್ವನ ಸಂಡಿಗೆ ಹಾಸಿನ ಚೂರು. ಸರಪಳಿಮನೆಯ ಹಿರಿಯರು ಮುಳಗುಂದದ ಚಂದ್ರಗೌಡರು, ನನಗಿಂತ ಹತ್ತು ವರ್ಷ ಚಿಕ್ಕವರು, ಕೆಟ್ಟವರಲ್ಲ. ಅವರು ಆ ಚೂರನ್ನು ಮುಟ್ಟಲೂ ಇಲ್ಲ. "ಅವ್ವಾರ, ಇದಕ್ಕ ವಂಶಾವಳಿ ಐತೇನ್ರಿ? ಯಾರು ಇಟ್ಟರು, ಎಲ್ಲಿಟ್ಟರು, ಏನೇನು ಚೆಲ್ಲಿದರು, ಯಾವ ಎಮ್ಮಿ ತುಳೀತು, ಗೊತ್ತೈತೇನು? ಎಣ್ಣಿ, ಉಪ್ಪು, ಖಾರ ತಿಂದ ಹಾಸು ಹುಡಿ ಆತು ಅಂತ ತಲಿಮಾರಿನ ವಿದ್ಯಾ ಒರಸ್ರಿ ಅಂದ್ರ ಹ್ಯಾಂಗ್ರಿ?" ವಿದ್ಯೆಯ ಲೆಕ್ಕದಲ್ಲಿ ಅವರ ಮಾತು ಸರಿಯೇ. ನನ್ನ ವಿದ್ಯಾರ್ಥಿ ಇಂಥ ಚೂರು ತಂದಿದ್ದರೆ ನಾನೂ ಹೀಗೇ ಉಗಿದು ಕಳಿಸುತ್ತಿದ್ದೆ. ಹಾಗಾದರೆ ಕೆರೆಯ ಹಾಸಿನಿಂದಲೇ ಒಂದು ಪಟ್ಟಿ ಕತ್ತರಿಸಿ ಕೊಡಿ, ಎಳೆದು ತೋರಿಸುತ್ತೇನೆ ಎಂದೆ. ಸಭೆಯೇ ಎದ್ದು ನಿಂತಿತು. ಕೆರೆಯ ಹಾಸನ್ನು ಕತ್ತರಿಸುವುದು ನಮ್ಮಲ್ಲಿ ಕೊಲೆಗೆ ಸಮ. ಮುಂದಿನ ಪಟ್ಟಿಯನ್ನು ಡೋಣಿಯಲ್ಲಿಟ್ಟು ಏಳನೆಯ ಎಳೆತದಲ್ಲಿ ನೋಡೋಣ ಎಂದು ತೀರ್ಮಾನವಾಯಿತು. ಏಳನೆಯದು ನಲವತ್ತು ವರ್ಷದ ನಂತರ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಮಾತು ನಿಮ್ಮ ಕಾಲದಲ್ಲೂ ಇತ್ತಲ್ಲ.

ಪಂಡಿತರು ಕೇಳದಿದ್ದರೆ ಊರು ಕೇಳಲಿ ಎಂದು ಹಾಸೂರಿಗೆ ಇಳಿದೆ. ತಂಗಿಯ ಮನೆಯಲ್ಲಿ ಹಾಸಿಗೆ ಬಿಚ್ಚಿ, ದಿನವೂ ನಸುಕಿಗೆ ಪಾಲುನೀರಿನ ಸಾಲಿನಲ್ಲಿ ನಿಂತು ಒಬ್ಬೊಬ್ಬರಿಗೂ ಹೇಳಿದೆ. ಜನ ಮರ್ಯಾದೆಯಿಂದ ಕೇಳಿದರು, ಕೈ ಮುಗಿದರು, ಬದಿಗೆ ಸರಿದು ನೀರಿಗೆ ನನ್ನನ್ನು ಮುಂದೆ ಬಿಟ್ಟರು. ಒಬ್ಬರೂ ಕದಲಲಿಲ್ಲ. ಯಾಕೆಂದು ತಿಳಿಯಲು ನನ್ನಂಥ ದಡ್ಡಿಗೆ ಎಷ್ಟೋ ದಿನ ಬೇಕಾಯಿತು. ಒಂದು ದಿನ ಸಾಲಿನಲ್ಲಿ ನನ್ನ ಹಿಂದೆ ಒಬ್ಬ ಮುದುಕಿ ತನ್ನ ಸೊಸೆಗೆ ಹೇಳುತ್ತಿದ್ದಳು, "ಎಳೆದಾಕಿನ ಇಲ್ಲಿ ಬಂದು ಮಲಗ್ಯಾಳಂದ್ರ ಇನ್ನೇನು ಭಯ ಬೇ? ಜೀವ ಯಾರಿಗೆ ಬ್ಯಾಡ?" ಎರಡು ಮನೆಗಳವರು ಗುಡ್ಡಕ್ಕೆ ಹೊರಟಿದ್ದವರು ನಾನು ಬಂದದ್ದು ನೋಡಿ ಗಂಟು ಬಿಚ್ಚಿದ್ದರಂತೆ. ನನ್ನ ಬಾಯಿ ಓಡಿ ಎನ್ನುತ್ತಿತ್ತು, ನನ್ನ ಹಾಸಿಗೆ ಇರಿ ಎನ್ನುತ್ತಿತ್ತು. ಅವರು ಹಾಸಿಗೆಯನ್ನು ನಂಬಿದರು.

ಹಾಗಾದರೆ ಹಾಸಿಗೆಯೇ ಹೇಳಲಿ ಎಂದು ನಿಶ್ಚಯಿಸಿದೆ. ಈರವ್ವನ ಕೈ ಹಿಡಿದು ಬಾ ಎಂದೆ, ಕಾಲು ಹಿಡಿದು ಬಾ ಎಂದೆ, ಮೊಮ್ಮಕ್ಕಳನ್ನಾದರೂ ಕೊಡು ಎಂದೆ. ಅವಳಿಗೆ ರೇಗಿತು. "ನಿನ್ನ ಪಟ್ಟಿ ಗಟ್ಟಿ ಐತಿ ಅಂತ ಊರ ಮುಂದ ನೀನ ನಿಂತು ಹೇಳಿದಿ. ನಾಕ ದಿನಕ್ಕ ಸಂಡಗಿ ಹಾಸು ಹಿಡಕೊಂಡು ಮಾತು ತಿರವಿದಿ. ನಾಳೆ ಇನ್ನೇನು ಹೇಳ್ತಿ? ಗುಡ್ಡದ ಮ್ಯಾಲ ನೀರಿಲ್ಲ ನಿಡಿಯಿಲ್ಲ, ಕೂಸುಗಳ್ನ ಕೊಂದು ನಿನ್ನ ಮಾತು ಖರೆ ಮಾಡ್ಲೇನು?" ನಾನೊಬ್ಬಳೇ ಹೊರಟೆ. ಬಾಗಿಲುಹೊತ್ತಿಗೆ ಸ್ವಲ್ಪ ಮುಂಚೆ, ಎಲ್ಲರೂ ಹೊಲದಿಂದ ಮರಳುವ ಹೊತ್ತು ನೋಡಿ, ಹಾಸಿಗೆ ತಲೆಯ ಮೇಲೆ ಹೊತ್ತು, ಊರ ನಡುವಿನ ಬೀದಿಯಲ್ಲಿ ಬೊಬ್ಬೆ ಹೊಡೆಯುತ್ತ ಓಡಿದೆ. ಅಳು ನಟನೆಯಲ್ಲ. ಎಳೆಯುವವರು ಬೀದಿಯಲ್ಲಿ ಜೋರಾಗಿ ಮಾತನಾಡುವುದೂ ನಿಷಿದ್ಧ, ನಾನು ಸೆರಗು ಜಾರಿದರೂ ನಿಲ್ಲದೆ ಓಡಿದೆ. ತಂಗಿ ಹೊಸ್ತಿಲ ಮೇಲೆ ನಿಂತು, "ಹೋಗ, ರಕ್ತಸಂಬಂಧ ಬಿಟ್ಟು ಓಡಿದಾಕಿ ಅಂತ ಹೆಸರ ತಗೋ" ಎಂದು ಕೂಗಿ ಬಾಗಿಲು ಹಾಕಿಕೊಂಡಳು. ಆ ಮಾತು ಇನ್ನೂ ಎದೆಯಲ್ಲಿ ಮುರಿದ ಮುಳ್ಳಾಗಿ ಕೂತಿದೆ.

ಆದರೆ ಅದು ಕೆಲಸ ಮಾಡಿತು, ಅಜ್ಜೀ. ಸಂಜೆಯ ಹೊತ್ತಿಗೆ ಗುಡ್ಡದ ದಾರಿ ತುಂಬ ಜನ. ಕೋಳಿ, ಕುರಿ, ಒರಳು, ತೊಟ್ಟಿಲು. ಅರ್ಧ ಊರೇ ಬಂದಿತು. ನನ್ನ ವಿದ್ಯೆಯನ್ನು ನಂಬದವರು ನನ್ನ ಹೆದರಿಕೆಯನ್ನು ನಂಬಿದರು. ನಾನು ಬಂಡೆಯ ಮೇಲೆ ಕೂತು ಒಬ್ಬೊಬ್ಬರ ಮುಖವನ್ನೂ ನೋಡಿದೆ, ಈರವ್ವ ಇರಲಿಲ್ಲ.

ಆಮೇಲೆ ಮಳೆ ಬರಲಿಲ್ಲ. ಅದೇ ಆದದ್ದು. ಗುಡ್ಡದ ಮೇಲೆ ಬಂಡೆಯ ತಗ್ಗಿನಲ್ಲಿ ನೀರು ನಿಲ್ಲುವ ಒಂದೇ ಒಂದು ದೊಣೆ, ಅದರ ನೀರು ಹಸಿರು ಬಣ್ಣಕ್ಕೆ ತಿರುಗಿತು. ಮಕ್ಕಳಿಗೆ ಭೇದಿ ಹತ್ತಿತು. ಪಾಲುನೀರಿಗೆ ದಿನವೂ ಕೆಳಗಿಳಿದು ಏರಬೇಕು, ಬಸುರಿಯರಿಂದ ಆಗದು. ಕೆಳಗೆ ಒಡ್ಡು ಎಂದಿನಂತೆ ನಿಂತಿದೆ, ಊರಿನ ಒಲೆಗಳ ಹೊಗೆ ಎಂದಿನಂತೆ ಏಳುತ್ತದೆ. ಮೊದಲು ಒಂದು ಮನೆಯವರು ಹೋದರು, ಮರ್ಯಾದೆಗೆ ನನಗೆ ಹೇಳಿ ಹೋದರು. ಆಮೇಲೆ ಹೇಳದೆ ಹೋದರು. ಆಮೇಲೆ ಬೈದು ಹೋದರು. ಒಂದು ಕೂಸು ಇಲ್ಲೇ ತೀರಿಕೊಂಡಿತು. ಅದರ ತಾಯಿ ನನ್ನ ಎದುರು ಬಂದು ನಿಂತು, ನನ್ನನ್ನು ನೋಡಿ ಹೋದಳು. ಒಡ್ಡು ನಿಲ್ಲಲಿ, ನಾನೇ ಸುಳ್ಳಾಗಲಿ ಎಂದು ಆ ದಿನ ಬೇಡಿಕೊಂಡೆ. ಈಗ ಈ ನೆತ್ತಿಯ ಮೇಲೆ ಇರುವವರು ನಾನು ಮತ್ತು ಕಾಲಿಲ್ಲದ ಒಬ್ಬ ಕುರುಬ. ಅವನೂ ತನ್ನ ಕುರಿಗಾಗಿ ಇದ್ದಾನೆ.

ಈಗ ನಿಮ್ಮಲ್ಲಿ ಬೇಡಿಕೆ. ನೀವು ಮುಂದೆ ಆ ಪಟ್ಟಿಗಳನ್ನು ಕತ್ತರಿಸುವ ದಿನ ಬರುತ್ತದೆ. ಕಲ್ಲಿನ ಡೋಣಿಯಲ್ಲಿಡಿ, ಬಿಸಿಲಲ್ಲಿಡಿ, ಅದು ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಅವುಗಳನ್ನು ಶಿಷ್ಯರ ಕೈಗೆ ಕೊಡಬೇಡಿ. ಶಿಷ್ಯರು ಪ್ರೀತಿಸುತ್ತಾರೆ. ಕೆರೆಯ ನೀರು ಕುಡಿಯುವ ಊರಿನವರ ಮಾಳಿಗೆಗೆ ಹಾಕಿ, ತುಳಿಯಲಿ, ಸಂಡಿಗೆ ಒಣಗಿಸಲಿ, ಮಂಗ ಹರಿಯಲಿ, ಹುಡುಗರು ಹೊದ್ದುಕೊಂಡು ಆಡಲಿ. ಹರಿದ ದಿನ ಅವರಿಗೇ ಮೊದಲು ತಿಳಿಯಲಿ. ಕುಂಕುಮ ಬೇಡ, ರೇಷ್ಮೆ ಬೇಡ, ನಿಮ್ಮನ್ನು ಮೂಲಜ್ಜಿ ಎಂದು ಕರೆಯಲು ಯಾರಾದರೂ ಬಂದರೆ ಕಸಬರಿಗೆ ತೆಗೆದುಕೊಳ್ಳಿ. ಮತ್ತೆ, ಬಲ ಕುಗ್ಗುವುದು ನಿಂತಿತು ಎಂದು ಯಾವ ಪುಣ್ಯಾತ್ಮನಾದರೂ ಸಂತೋಷದಿಂದ ಓಡಿ ಬಂದರೆ, ಸಿದ್ಧಾಂತ ಕೇಳುವ ಮುಂಚೆ, ಪಟ್ಟಿ ಎಲ್ಲಿಟ್ಟಿದ್ದೆ ಮಗನೇ ಎಂದು ಕೇಳಿ. ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಇಲ್ಲಿಗೆ ನಿಲ್ಲಿಸಿ ಸಹಿ ಹಾಕಬೇಕೆಂದಿದ್ದೆ. ಈಗಷ್ಟೇ ಈರವ್ವನ ಮಗ ಗುಡ್ಡ ಏರಿ ಬಂದು ಹೋದ. ಅವ್ವ ಕಳಿಸಿದಳೆಂದು ಎರಡು ರೊಟ್ಟಿ, ಒಂದು ದೊಡ್ಡ ಕಟ್ಟು ಮೆಂತೆಸೊಪ್ಪು ಕೊಟ್ಟ. ಸಿಟ್ಟು ಇಳಿದಿದೆಯಂತೆ. ಅವಳು ಹೇಳಿ ಕಳಿಸಿದ ಮಾತನ್ನು ಅವನು ಅವಳದೇ ದನಿಯಲ್ಲಿ ಒಪ್ಪಿಸಿದ. "ಯಕ್ಕಗ ಹೇಳು, ಒಡ್ಡಿನ ಬುಡಕ್ಕ ನೆಲ ತಾನ ಹಸಿ ಆಗೇತಿ, ಹದಿನೈದು ದಿನಾತು. ನೀರು ಹಾಕೂದ ಬ್ಯಾಡ. ಮರು ವೈಶಾಖದಾಗ ಮೆಂತೆ ಬೆಳದೈತಿ ಅಂದ್ರ ದ್ಯಾವರು ಕಣ್ಣ ತೆರದಾನ. ಓಣಿ ಮಂದಿ ಎಲ್ಲಾ ಅಲ್ಲೇ ಸೊಪ್ಪಿನ ಮಡಿ ಮಾಡೇವಿ. ಇನ್ನರ ಇಳದ ಬಾ ಅನ್ನು."

ಕೆರೆಯಲ್ಲಿ ಈಗಿರುವುದು ಅರ್ಧ ನೀರು. ಅರ್ಧಕ್ಕೇ ಒಡ್ಡಿನ ಬುಡ ಒಸರುತ್ತಿದೆ.

ಸೊಪ್ಪು ಬಹಳ ಎಳೆಯದು, ಬೇರಿನಲ್ಲಿ ಇನ್ನೂ ಕಪ್ಪು ಮಣ್ಣು ಹಸಿಯಾಗಿ ಅಂಟಿದೆ. ತೆಂಕಣ ದಿಕ್ಕಿಗೆ ಮಧ್ಯಾಹ್ನದಿಂದ ಮೋಡ ಕಟ್ಟುತ್ತಿದೆ, ಕೆಳಗೆ ಊರಿನಲ್ಲಿ ಡೊಳ್ಳು ಬಾರಿಸಿ ಕುಣಿಯುತ್ತಿದ್ದಾರೆ. ಕಾಗದವನ್ನು ಗಾಳಿಗೆ ಬಿಟ್ಟು ನಾನು ಇಳಿಯುತ್ತೇನೆ. ಮಳೆಗಿಂತ ಮುಂಚೆ ನಾನು ಊರು ಮುಟ್ಟಿದರೆ ಮೊಮ್ಮಕ್ಕಳನ್ನು ಎತ್ತಿಕೊಂಡು ಓಡುತ್ತೇನೆ, ಅವಳು ಹೊಡೆದರೂ ಬಿಡುವುದಿಲ್ಲ. ಮಳೆಯೇ ಮುಂಚೆ ಬಂದರೆ ನನ್ನ ತಂಗಿ ಬಾಗಿಲು ತೆಗೆದು, ಬಂದೆಯಾ ಯಕ್ಕಾ ಎನ್ನುತ್ತಾಳೆ. ಬಂದೆ ಎನ್ನುತ್ತೇನೆ.

ಫಕೀರವ್ವ